ಮೂವತ್ತೊಂದನೇ ಸೈಜು

ಮಗಳಿಗೆ ಹತ್ತು ತುಂಬಿದ ವರ್ಷ ಅವಳಿಗೆ ಸರಿಹೋಗುವ ಒಂದು ಜೊತೆ ಬಟ್ಟೆಗಾಗಿ ನಾನು ಮೂರು ತಾಲ್ಲೂಕು ಅಲೆದಿದ್ದೇನೆ. ನಾವಿರುವುದು ಹೊಸದುರ್ಗದಲ್ಲಿ. ಮೊದಲು ಅಲ್ಲಿನ ಅಂಗಡಿಗಳು ಮುಗಿದವು. ಆಮೇಲೆ ನನ್ನ ತವರು ಹೊಳಲ್ಕೆರೆಗೆ ಹೋದಾಗ ಅಲ್ಲಿಯ ಎರಡು ಅಂಗಡಿ ಹತ್ತಿ ಇಳಿದೆವು. ಕೊನೆಗೆ ಒಂದು ಭಾನುವಾರ ಚಿತ್ರದುರ್ಗಕ್ಕೇ ಹೊರಟೆವು. ಎಲ್ಲಿ ಹೋದರೂ ಅದೇ ಹಾಡು. ಮೂವತ್ತರ ಸೈಜು ಹೊಟ್ಟೆಯ ಹತ್ತಿರ ಸಿಕ್ಕಿಕೊಳ್ಳುತ್ತಿತ್ತು, ಮೂವತ್ತೆರಡರದು ಭುಜದಿಂದ ಜಾರಿ, ತೋಳು ಬೆರಳು ಮುಚ್ಚುತ್ತಿತ್ತು. ಹುಡುಗಿ ಗುಂಡಗಿದ್ದಳು, ಕುಳ್ಳಗಿದ್ದಳು. ಅಂಗಡಿಯವರ ಲೆಕ್ಕದಲ್ಲಿ ಹೊಟ್ಟೆ ಬಂದ ಮಕ್ಕಳು ಎತ್ತರವೂ ಆಗಿರಬೇಕಿತ್ತು.

ಇಷ್ಟು ಅವಸರಕ್ಕೆ ಕಾರಣ ನನ್ನ ತಮ್ಮನ ಮದುವೆ. ಮದುಮಗಳ ಊರು ಐಮಂಗಲ, ಮದುವೆ ಹಿರಿಯೂರಿನ ಕಲ್ಯಾಣ ಮಂಟಪದಲ್ಲಿ. ವರನ ಅಕ್ಕನ ಮಗಳೆಂದು ನಮ್ಮ ಹುಡುಗಿಯೇ ಕಳಸಗಿತ್ತಿ. ಅಂದರೆ ಮದುಮಕ್ಕಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವವಳು. ಮದುವೆಗೆ ಬಂದವರ ಕಣ್ಣೆಲ್ಲ ಹೇಗೂ ಅವಳ ಮೇಲೆ ಬೀಳುತ್ತದೆ. ನನಗೆ ನಿದ್ದೆ ಕೆಡಿಸಿದ್ದು ಅದೇ. ಮಗಳ ಸಂಭ್ರಮಕ್ಕಿಂತ ಬೀಗರು ಏನೆಂದಾರು ಎಂಬುದೇ ನನಗೆ ದೊಡ್ಡದಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಚಿತ್ರದುರ್ಗದ ಅಂಗಡಿಯಲ್ಲಿ ನಾಲ್ಕನೆಯ ಗೌನು ಬಿಚ್ಚಿಟ್ಟು ಬಂದವಳು ಅಂಗಡಿಯವರನ್ನು ಕೇಳಲು ನಾಚಿ ನನ್ನನ್ನೇ ಕೇಳಿದಳು.

"ಅಮ್ಮ, ಮೂವತ್ತೊಂದು ಇರಲ್ವಾ?"

ಅಂಗಡಿಯಾತ ಒಳ್ಳೆಯವನು. ಎರಡೆರಡೇ ಏರೋದು ಪುಟ್ಟಿ, ಮಧ್ಯದ್ದು ಕಂಪನಿಯವರು ಕಳಿಸೋದೇ ಇಲ್ಲ ಎಂದು ಅವಳಿಗೇ ವಿವರಿಸಿದ. ಅಲ್ಲಿಗೇ ಬಿಡಬಹುದಿತ್ತು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ದಿನಾ ಎರಡು ರೊಟ್ಟಿ ಕಡಿಮೆ ತಿಂದರೆ ಮೂವತ್ತೇ ಸಾಕು, ಅಂಗಡಿಯವರಿಗೂ ಉಳಿತಾಯ, ನಮಗೂ ಉಳಿತಾಯ ಎಂದೆ. ಬಟ್ಟೆ ಮಡಿಸುತ್ತಿದ್ದ ಹುಡುಗಿಯರು ನಕ್ಕರು. ಮಗಳೂ ನಕ್ಕಳು. ಅವಳೂ ನಕ್ಕಳಲ್ಲ, ಬೇಜಾರಾಗಿಲ್ಲ ಎಂದುಕೊಂಡೆ. ಚಿತ್ರದುರ್ಗಕ್ಕೆ ಬಂದರೆ ಮಂಡಕ್ಕಿ ಮಿರ್ಚಿ ತಿನ್ನದೆ ಬಸ್ಸು ಹತ್ತುತ್ತಿರಲಿಲ್ಲ ಅವಳು. ಅವತ್ತು ಕೇಳಲೇ ಇಲ್ಲ. ಅದನ್ನೂ ನಾನು ಒಳ್ಳೆಯ ಲಕ್ಷಣವೆಂದೇ ತಿಳಿದೆ.

ರೆಡಿಮೇಡಿನ ಆಸೆ ಬಿಟ್ಟು ಅದೇ ಅಂಗಡಿಯಲ್ಲಿ ಹಸಿರು ರೇಷ್ಮೆಯ ಬಟ್ಟೆ, ಕೆಂಪು ಅಂಚಿನದು, ಲಂಗ ರವಿಕೆಗೆ ಆಗುವಷ್ಟು ಕೊಂಡೆ. ಮರುದಿನ ಸಂಜೆ ಮಗಳು ಶಾಲೆಯಿಂದ ಬಂದ ಕೂಡಲೇ ಅವಳನ್ನು ಕರೆದುಕೊಂಡು ನಮ್ಮ ಬೀದಿಯಲ್ಲೇ ಮನೆಯಲ್ಲಿ ಹೊಲಿಯುವ ಹೆಂಗಸಿನ ಬಳಿ ಹೋದೆ. ಅಲ್ಲಿ ಇನ್ನೂ ಮೂವರು ನಾಲ್ವರು ಹೆಂಗಸರು ಕೂತಿದ್ದರು. ಆಕೆ ಟೇಪು ಹಿಡಿದು ಅಳತೆಯನ್ನು ಜೋರಾಗಿ ಹೇಳಿ ಆಮೇಲೆ ಬರೆದುಕೊಳ್ಳುವವಳು. ಎದೆ ಆಯಿತು, ತೋಳು ಆಯಿತು. ಸೊಂಟಕ್ಕೆ ಬಂದಾಗ ನನ್ನ ಮಗಳು ಉಸಿರೆಳೆದು ಹೊಟ್ಟೆ ಒಳಗೆ ಹಿಡಿದಳು. ಮುಖ ಕೆಂಪಾಗಿತ್ತು. ಆಕೆ ಅವಳ ಬೆನ್ನು ತಟ್ಟಿ, ಉಸಿರು ಬಿಡು ಪುಟ್ಟಿ, ಇಲ್ಲದಿದ್ದರೆ ಅಳತೆ ತಪ್ಪುತ್ತೆ ಎಂದಳು.

"ಹಿಡ್ಕಂಡಿರೋದನ್ನೇ ಬರ್ಕಳ್ರಿ," ಅಂದೆ ನಾನು. "ಮದ್ವೆಗೆ ಇನ್ನೂ ಒಂದೂವರೆ ತಿಂಗ್ಳೈತೆ. ಅಷ್ಟೊತ್ತಿಗೆ ಇಳೀತಾಳೆ."

ಆಕೆ ಒಂದು ಸಲ ನನ್ನ ಮುಖ ನೋಡಿದಳು. ಬರೆದುಕೊಂಡಳು. ಹೋಗಲಿ, ಒಳಗೆ ಎರಡು ಇಂಚು ಬಟ್ಟೆ ಬಿಟ್ಟಿರುತ್ತೇನೆ, ಬೇಕಾದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಬಹುದು ಎಂದಳು. ನಮ್ಮ ಕಡೆ ಮಕ್ಕಳ ಬಟ್ಟೆಗೆ ಒಳಗೆ ಬಟ್ಟೆ ಬಿಡದೆ ಯಾರೂ ಹೊಲಿಯುವುದಿಲ್ಲ. ಬೆಳೆಯುವ ಮಕ್ಕಳು, ವರ್ಷಕ್ಕೊಂದು ಹೊಲಿಗೆ ಬಿಚ್ಚಿದರೆ ಒಂದೇ ಲಂಗ ಮೂರು ಹಬ್ಬ ಕಾಣುತ್ತದೆ. ನಾನು ಬೆಳೆದದ್ದೂ ಹಾಗೆಯೇ. ಆದರೆ ಅವತ್ತು ಬೇಡವೆಂದೆ. ಒಳಗೆ ಬಿಟ್ಟಿದೆ ಅಂತ ಗೊತ್ತಾದರೆ ಇವಳಿಗೆ ತಿನ್ನಲು ಧೈರ್ಯ ಬಂದುಬಿಡುತ್ತದೆ, ಕತ್ತರಿಸಿ ಎಸೆಯಿರಿ ಎಂದೆ.

"ಮಕ್ಳ ಬಟ್ಟೆನ ನಾನು ಹಂಗೆ ಯಾವತ್ತೂ ಹೊಲ್ದಿಲ್ಲ ಮೇಡಂ," ಎಂದಳು ಆಕೆ. ಆದರೂ ಹೊಲಿದು ಕೊಟ್ಟಳು. ಮೇಡಂ ಹೇಳಿದ ಮೇಲೆ ಏನು ಮಾಡುತ್ತಾಳೆ.

ಮೇಡಂ ಎಂದರೆ ಶ್ರೀರಾಂಪುರ ಕಡೆಯ ಒಂದು ಸರ್ಕಾರಿ ಶಾಲೆಯ ಟೀಚರು. ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ನಿಂತು, ಇನ್ನೊಂದು ಸೌಟು ಹಾಕಿಸಿಕೊಳ್ಳಿ, ತರಕಾರಿ ಬಿಡದೆ ತಿನ್ನಿ ಎಂದು ಊರ ಮಕ್ಕಳಿಗೆ ಹೇಳುವವಳು. ಕುರಿ ಕಾಯುವವರ ಮನೆಯ ಸಣಕಲು ಹುಡುಗನೊಬ್ಬ ಎರಡನೇ ಸಲ ತಟ್ಟೆ ಚಾಚಿದರೆ ನನಗೇ ಹೊಟ್ಟೆ ತುಂಬಿದಂತಾಗುತ್ತಿತ್ತು. ಸಂಜೆ ಮನೆಗೆ ಬಂದು ಮಗಳ ತಟ್ಟೆಯಿಂದ ಅರ್ಧ ಮುದ್ದೆ ಮುರಿದು ವಾಪಸ್ ಪಾತ್ರೆಗೆ ಹಾಕುತ್ತಿದ್ದವಳೂ ನಾನೇ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಬೇರೆ ಹೇಳುತ್ತಿದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಆ ಗಾದೆಗೆ ಇನ್ನರ್ಧ ಇದೆ. ಅದು ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ. ಬೆಳೆಯೋ ಮಗು, ಸುಮ್ಮನೆ ಬಿಡು ಎಂದು ಯಜಮಾನರು ಒಂದೆರಡು ಸಲ ಹೇಳಿದರು. ನೀವು ಸುಮ್ಮನಿರಿ, ಬಟ್ಟೆ ಹುಡುಕಿಕೊಂಡು ಊರೂರು ಅಲೆಯುವವಳು ನಾನು ಎಂದು ಅವರ ಬಾಯಿ ಮುಚ್ಚಿಸಿದೆ.

ಒಂದೂವರೆ ತಿಂಗಳಲ್ಲಿ ಹತ್ತು ವರ್ಷದ ಮಕ್ಕಳು ಬೆಳೆಯುತ್ತಾರೆಯೇ ಹೊರತು ಇಳಿಯುವುದಿಲ್ಲ. ಶಾಲೆಯಲ್ಲಿ ವರ್ಷಾ ವರ್ಷಾ ಮಕ್ಕಳ ಎತ್ತರ ತೂಕ ಬರೆಯುವ ನನಗೆ ಇದು ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ.

ಮದುವೆಯ ದಿನ ಬೆಳಿಗ್ಗೆ ಮಂಟಪದ ಕೋಣೆಯಲ್ಲಿ ಲಂಗ ತೊಡಿಸಿದೆ. ಲಾಡಿ ಕಟ್ಟಿದರೆ ಹೊಟ್ಟೆ ಉಬ್ಬಿದಂತೆ ಕಾಣುತ್ತದೆಂದು ಪಟ್ಟಿ ಇಟ್ಟು ಹುಕ್ಕು ಹಾಕಿಸಿದ್ದೆ. ಹುಕ್ಕಿಗೂ ಕಾಜಕ್ಕೂ ನಡುವೆ ಎರಡು ಬೆರಳಿನಷ್ಟು ಅಂತರ. ರವಿಕೆಯದೂ ಅದೇ ಪಾಡು. ಹೊಲಿಗೆ ಬಿಚ್ಚೋಣವೆಂದು ಒಳಗೆ ತಿರುಗಿಸಿ ನೋಡಿದೆ. ನಾನು ಹೇಳಿದ್ದನ್ನು ಆಕೆ ಚಾಚೂ ತಪ್ಪದೆ ಮಾಡಿದ್ದಳು, ಒಳಗೆ ಬಿಚ್ಚುವುದಕ್ಕೆ ಏನೂ ಇರಲಿಲ್ಲ. ಹೊರಗೆ ವಾಲಗ ಶುರುವಾಗಿತ್ತು. ಕಳಸಗಿತ್ತಿ ಎಲ್ಲಿ ಎಂದು ಯಾರೋ ಬಾಗಿಲು ಬಡಿದರು. ನಾನು ಅವಳ ಬೆನ್ನ ಹಿಂದೆ ಮಂಡಿಯೂರಿ ಕೂತು ಉಸಿರು ಹಿಡಿ ಎಂದೆ. ಹಿಡಿದಳು. ಎರಡೂ ಕೈಯಿಂದ ಎಳೆದು ಒಂದೊಂದೇ ಹುಕ್ಕು ಸಿಕ್ಕಿಸಿದೆ. ಕೊನೆಯ ಹುಕ್ಕು ಬಿದ್ದಾಗ ಅವಳು ಕನ್ನಡಿ ನೋಡಿಕೊಂಡು ಚೆನ್ನಾಗಿದ್ದೀನಾ ಎಂದು ಕೇಳಿದಳು.

ಚೆನ್ನಾಗಿದ್ದಳು. ಮುಹೂರ್ತ ಮುಗಿಯುವವರೆಗೆ ಕಳಸ ಹಿಡಿದು ನೆಟ್ಟಗೆ ನಿಂತಳು, ಒಂದು ಸಲವೂ ಬಾಗಲಿಲ್ಲ, ಕೂರಲಿಲ್ಲ. ಮಗಳು ಎಷ್ಟು ಶಿಸ್ತು ಎಂದು ಬೀಗರ ಕಡೆಯ ಹಿರಿಯರೊಬ್ಬರು ಹೊಗಳಿದರು. ನಾನು ಹಿಗ್ಗಿದೆ. ಊಟದ ಪಂಕ್ತಿಯಲ್ಲಿ ನನ್ನ ಎದುರು ಸಾಲಿನಲ್ಲೇ ಕೂತಿದ್ದಳು. ಬಡಿಸುವವರು ಹೋಳಿಗೆ ತಂದರೆ ಕೈ ಅಡ್ಡ ಹಿಡಿದಳು, ಅನ್ನಕ್ಕೂ ಅಡ್ಡ ಹಿಡಿದಳು. ಅವಳ ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಒಂದು ಹಪ್ಪಳ ಇಷ್ಟೇ ಇದ್ದದ್ದು. ಅದನ್ನು ನೋಡಿ ನನಗೆ ಮರುಕ ಬರಲಿಲ್ಲ, ಸಮಾಧಾನವಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಸಂಜೆ ಕೋಣೆಯಲ್ಲಿ ಬಟ್ಟೆ ಬಿಚ್ಚಿದೆ. ಸೊಂಟದ ಸುತ್ತ ಪಟ್ಟಿಯ ಗುರುತು ಕೆಂಪಗೆ ಬರೆ ಬಿದ್ದಂತೆ ಇತ್ತು. ಬೆನ್ನ ಮೇಲೆ ಹುಕ್ಕುಗಳ ಅಚ್ಚು ಒಂದರ ಕೆಳಗೊಂದು. ನಾನು ಮುಟ್ಟಿದರೆ ಅವಳು ಸರಿದಳು, ಉರಿಯುತ್ತಿತ್ತು. ಆದರೆ ಮುಖದಲ್ಲಿ ಅಳು ಇರಲಿಲ್ಲ. ನನ್ನ ಕಡೆ ತಿರುಗಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಾಗ ಹೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು.

"ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲಮ್ಮ ನಾನು. ಅದ್ಕೇ ಹಿಡಿಸ್ತು."

ಅವಳನ್ನು ಎಳೆದು ತಬ್ಬಿಕೊಂಡು, ತಪ್ಪಾಯಿತು ಪುಟ್ಟಿ ಎನ್ನಬೇಕಿತ್ತು. ಅಡುಗೆ ಮನೆಗೆ ಓಡಿ ಹೋಳಿಗೆ ತುಪ್ಪ ತಂದು ಬಾಯಿಗೆ ಇಡಬೇಕಿತ್ತು.

"ನೋಡಿದ್ಯಾ, ಮನಸ್ಸು ಮಾಡಿದ್ರೆ ಆಗ್ತೈತೆ," ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬಯ್ದ ಮಾತು ಮಕ್ಕಳು ಮರೆತಾರು. ಹೊಗಳಿದ್ದನ್ನು ಮರೆಯುವುದಿಲ್ಲ. ಅಲ್ಲಿಂದಾಚೆ ಶಾಲೆಯ ಫೋಟೋ ತೆಗೆಯುವ ದಿನ, ಹಬ್ಬದ ದಿನ, ನೆಂಟರು ಬರುವ ದಿನ ಅವಳಿಗೆ ಹಸಿವಾಗುವುದು ನಿಂತುಹೋಯಿತು. ನಾನು ಹೆದರಿ, ತಿನ್ನು ತಿನ್ನು ಎಂದು ತಟ್ಟೆ ಹಿಡಿದು ಹಿಂದೆ ಓಡಾಡತೊಡಗಿದೆ. ಅಷ್ಟೊತ್ತಿಗೆ ನನ್ನ ಮಾತಿಗೆ ಬೆಲೆ ಹೋಗಿತ್ತು. ವಿಚಿತ್ರವೆಂದರೆ ಹದಿಮೂರು ತುಂಬುವ ಹೊತ್ತಿಗೆ ಹುಡುಗಿ ತಾನಾಗಿಯೇ ನನ್ನ ಭುಜದೆತ್ತರ ಬೆಳೆದಳು, ಮೈ ಎಳೆದುಕೊಂಡಿತು. ಎಲ್ಲ ಅಂಗಡಿಯಲ್ಲೂ ಅವಳಿಗೆ ಸರಿಹೋಗುವ ಬಟ್ಟೆ ಸಿಗುವಂತಾಯಿತು. ಬಟ್ಟೆ ತರೋಣ ಬಾ ಎಂದು ನಾನು ಕರೆದರೆ ಬರುವುದನ್ನು ಅವಳು ನಿಲ್ಲಿಸಿದ್ದಳು. ಫೋನಿನಲ್ಲೇ ತರಿಸಿಕೊಳ್ಳುತ್ತಾಳೆ, ಎಲ್ಲವೂ ದೊಗಳೆ ದೊಗಳೆ. ಯಾವ ಸೈಜು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪಿಯುಸಿಯಲ್ಲಿದ್ದಾಗ ಒಮ್ಮೆ ಧೈರ್ಯ ಮಾಡಿ ಆ ಮದುವೆಯ ಮಾತು ತೆಗೆದೆ, ನಾನು ಹಾಗೆ ಮಾಡಬಾರದಿತ್ತು ಎಂದೆ. ಬಿಡಮ್ಮ, ನಂಗೆ ನೆನಪೇ ಇಲ್ಲ ಎಂದಳು. ನಾನು ಅದನ್ನು ನಂಬಿದೆ. ನಂಬಿದರೆ ನನಗೇ ಸುಖವಿತ್ತು.

ಈಗ ಅವಳು ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದಾಳೆ. ಹೋದ ತಿಂಗಳು ಕಾಲೇಜಿನಲ್ಲಿ ಎಲ್ಲರೂ ಸೀರೆ ಉಡುವ ದಿನವಿತ್ತು. ನನ್ನದೊಂದು ನೀಲಿ ಸೀರೆ ಕೇಳಿದಳು. ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಕಳಿಸು ಎಂದಿದ್ದಳು, ನಾನೇ ರಜೆ ಹಾಕಿ ತೆಗೆದುಕೊಂಡು ಹೋದೆ. ಬ್ಲೌಸ್ ಹೊಲಿಸಲು ಹಾಸ್ಟೆಲಿನ ಹತ್ತಿರದ ಟೈಲರ್ ಅಂಗಡಿಗೆ ಹೊರಟಾಗ ನಾನೂ ಬರುತ್ತೇನೆಂದೆ. ಬೇಡವೆನ್ನಲಿಲ್ಲ. ಅಂಗಡಿಯ ಒಳಗೆ ಪರದೆ ಕಟ್ಟಿದ ಒಂದು ಮೂಲೆಯಲ್ಲಿ ಅಳತೆ ತೆಗೆಯುತ್ತಾರೆ. ಅಲ್ಲಿಗೆ ಹೋಗುವ ಮೊದಲು ಮಗಳು ಬಾಗಿಲ ಬಳಿಯ ಸ್ಟೂಲು ತೋರಿಸಿ, ನೀನು ಇಲ್ಲೇ ಕುಂತ್ಕಮ್ಮ ಎಂದಳು. ಕೂತೆ.

ಹೊಲಿಯುವ ಹೆಂಗಸು ಮಾತುಗಾತಿ. ಸೀರೆ ಬ್ಲೌಸ್ ಮೈಗೆ ಅಂಟಿಕೊಂಡಂತೆ ಇದ್ದರೇ ಚೆಂದ, ಮೈಕಟ್ಟು ಇಷ್ಟು ಚೆನ್ನಾಗಿದೆ, ಒಂದಿಂಚು ಬಿಗಿ ಮಾಡುತ್ತೇನೆ ಎಂದು ಹೇಳುತ್ತಿದ್ದದ್ದು ಹೊರಗೆ ಕೇಳಿಸುತ್ತಿತ್ತು. ಮಗಳ ದನಿ ಮೆಲ್ಲಗಿತ್ತು, ಆದರೂ ಕೇಳಿಸಿತು.

"ಬ್ಯಾಡ ಅಕ್ಕ, ಲೂಸೇ ಇರ್ಲಿ. ಅವತ್ತು ಊಟ ಮಾಡ್ಬೇಕು ನಾನು."

ನನಗೆ ಕೇಳಲಿ ಎಂದು ಹೇಳಿದ್ದಲ್ಲ ಅದು. ವ್ಯಂಗ್ಯವೂ ಇರಲಿಲ್ಲ. ತನ್ನ ಅಳತೆ ತಾನು ಹೇಳುತ್ತಿದ್ದಳು, ಅಷ್ಟೇ. ನನ್ನ ಕಣ್ಣು ತುಂಬಿ ಬಂತು. ಪರದೆ ಸರಿಸಿ ಒಳಗೆ ಹೋಗಬೇಕು, ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಆ ಹೆಂಗಸಿನ ಎದುರಿಗೇ ಹೇಳಬೇಕು ಅನ್ನಿಸಿ ಎದ್ದು ನಿಂತೆ. ಅಷ್ಟರಲ್ಲಿ ಆಕೆ, ಅಮ್ಮನನ್ನು ಒಳಗೆ ಕರೆಯಲೇ, ಅವರೂ ಒಂದು ಸಲ ನೋಡಲಿ ಎಂದು ಕೇಳಿದಳು.

"ಅಮ್ಮ ಅಲ್ಲೇ ಇರ್ಲಿ," ಅಂದಳು ಮಗಳು.

ನಾನು ಮತ್ತೆ ಕೂತೆ.