ಕಾಡಂಚಿನಿಂದ ಬಂದ ಅಣ್ಣನ ಕೂಗು

ದೆವ್ವಭೂತದ ಮಾತೆತ್ತಿದವರನ್ನೆಲ್ಲ ಗೇಲಿ ಮಾಡುತ್ತಿದ್ದವನು ನಾನು. ನನ್ನ ಕೆಲಸವೂ ಅದಕ್ಕೆಲ್ಲ ಎಡೆಯಿಲ್ಲದಂಥದ್ದೇ. ಸೇಲಂನ ಒಂದು ಇಂಟರ್ನೆಟ್ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ನಿಮ್ಮ ಫೋನಿನಲ್ಲಿ ಓಡುವ ವೀಡಿಯೋ ಪ್ರತಿಸಲವೂ ಅಮೆರಿಕದಿಂದ ಬರುವುದಿಲ್ಲ. ಜನ ಹೆಚ್ಚು ನೋಡುವುದರ ನಕಲನ್ನು ಊರೂರಿನ ಸರ್ವರುಗಳಲ್ಲಿ ಇಟ್ಟಿರುತ್ತಾರೆ, ಹತ್ತಿರದ್ದರಿಂದ ನಿಮಗೆ ಸಿಗುತ್ತದೆ. ಮೂಲದಲ್ಲಿ ಇದ್ದಷ್ಟೇ ನಕಲಿನಲ್ಲೂ ಇರುತ್ತದೆ, ಒಂದಕ್ಷರ ಹೆಚ್ಚಿರುವುದಿಲ್ಲ.

ಅದೇ ಜಿಲ್ಲೆಯ ಕೊಳತ್ತೂರಿನ ಆಚೆ, ಕಾಡಿನ ಅಂಚಿನಲ್ಲಿ ನಮ್ಮಣ್ಣ ಕುರಿ ಸಾಕಿದ್ದಾನೆ. ನಮ್ಮವರಲ್ಲಿ ಒಬ್ಬೊಬ್ಬರ ಮಂದೆಗೂ ಒಂದೊಂದು ಕೂಗು. ಬೇರೆಯವರು ಗಂಟಲು ಹರಿದುಕೊಂಡರೂ ಕುರಿ ತಿರುಗಿ ನೋಡುವುದಿಲ್ಲ. ಅಣ್ಣನ ಆ ಕೂಗನ್ನು ಅವನ ಮಗಳು ಫೋನಿನಲ್ಲಿ ಹಿಡಿದು ಎಲ್ಲರೂ ನೋಡುವಂತೆ ಹಾಕಿದಳು. ಎಲ್ಲೆಲ್ಲಿಯವರೋ ನೋಡಿದರು. ಅಣ್ಣ ಹಿಗ್ಗಿಹೋದ. ಗಂಟಲು ಕಟ್ಟಿದ ದಿನ ಅದನ್ನೇ ಜೋರಾಗಿ ಹಾಕಿ ಕುರಿ ಕರೆಯುತ್ತಿದ್ದ.

ನಾನು ಊರಿಗೆ ಹೋಗಿದ್ದ ಒಂದು ಸಂಜೆ ಇಬ್ಬರೂ ಹಟ್ಟಿಯ ಮುಂದೆ ಕೂತಿದ್ದೆವು. ಕಾಡಿನ ಕಡೆಯಿಂದ ಅಣ್ಣನ ಕೂಗು ಕೇಳಿತು. ಕುರಿಗಳೆಲ್ಲ ತಲೆಯೆತ್ತಿ ಅತ್ತ ನಡೆದವು.

"ನಾನು ಇಲ್ಲೇ ಇವ್ನಿ. ಅಲ್ಯಾರ್‌ಲಾ ಕೂಗ್ತಿರೋದು?" ಎಂದ ಅಣ್ಣ.

"ಯಾರೋ ಫೋನ್ನಾಗೆ ಆಕವ್ರೆ, ಸುಮ್ಕಿರಣ್ಣಾ" ಎಂದೆ. ಕಾಡಿನ ಕಡೆ ಸಿಗ್ನಲ್ಲೇ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹೇಗೋ ಕುರಿಗಳನ್ನು ತಿರುಗಿಸಿ ಹಟ್ಟಿಗೆ ಹೊಡೆದೆವು. ಅಣ್ಣ ಹೇಳಿದನೆಂದು ಆಗಲೇ ಅವನ ಮಗಳ ಫೋನಿನಿಂದ ನಾನು ಆ ವೀಡಿಯೋ ಅಳಿಸಿದೆ. ನಕಲುಗಳೂ ತಾವಾಗಿಯೇ ಹೋಗುತ್ತವೆ ಎಂದು ಧೈರ್ಯ ಹೇಳಿದೆ.

ಮರುದಿನ ಸಂಜೆ ಅಣ್ಣ ನನ್ನ ಪಕ್ಕದಲ್ಲೇ ಇದ್ದಾಗ ಮತ್ತೆ ಅದೇ ದನಿ. ಈ ಸಲ ಅದು ಕುರಿಗಳನ್ನು ಕರೆಯಲಿಲ್ಲ.

"ಕುಳ್ಳೀ, ಬಾವ್ವಾ."

ಕುಳ್ಳಿ ಎಂದರೆ ಅಣ್ಣನ ಮಗಳು. ಅದು ಮನೆಯೊಳಗಷ್ಟೇ ಕರೆಯುವ ಹೆಸರು. ವೀಡಿಯೋದಲ್ಲಿ ಆ ಹೆಸರು ಇರಲೇ ಇಲ್ಲ. ತೊಟ್ಟಿಯ ಹತ್ತಿರ ಆಡುತ್ತಿದ್ದ ಹುಡುಗಿ "ಬಂದೇ ಅಪ್ಪಾ" ಎನ್ನುತ್ತ ಕಾಡಿನತ್ತ ಓಡತೊಡಗಿದಳು.

"ಕೂಗಣ್ಣಾ, ಕೂಗು!" ಎಂದು ಕಿರುಚಿದೆ. ಅಣ್ಣ ಕೂಗಲಿಲ್ಲ. ಬಾಯಿಗೆ ಕೈ ಒತ್ತಿಕೊಂಡು ಓಡಿದ. ಬೇಲಿ ದಾಟುತ್ತಿದ್ದವಳ ರಟ್ಟೆ ಹಿಡಿದು ಎಳೆದುಕೊಂಡ. ಅವಳು ಅಪ್ಪನ ಮುಖ ನೋಡಿದಳು, ಕಾಡಿನ ಕಡೆ ನೋಡಿದಳು, ಜೋರಾಗಿ ಅಳತೊಡಗಿದಳು.

ಯಾಕೆ ಕೂಗಲಿಲ್ಲವೆಂದು ಆಮೇಲೆ ಕೇಳಿದೆ.

"ನಾನೂ ಕೂಗಿದ್ರೆ ಅವ್ಳು ಯಾವ್ ಅಪ್ಪನ್ ತಾವ ಓಗ್ತಿದ್ಳೋ" ಎಂದ.

ಅದು ಏನೆಂದು ನನಗೆ ಇವತ್ತಿಗೂ ತಿಳಿಯದು. ದೂರದಿಂದ ತನ್ನ ದನಿ ಕೇಳಿದರೆ ಕದಲಬೇಡವೆಂದು ಅಣ್ಣ ಮಗಳಿಗೆ ಹೇಳಿಟ್ಟಿದ್ದಾನೆ. ಅವಳನ್ನು ಕರೆಯಬೇಕಾದರೆ ಈಗ ಹತ್ತಿರ ಹೋಗಿ ಭುಜ ಮುಟ್ಟುತ್ತಾನೆ.