ದೇವೀರಮ್ಮನ ಎದೆಯುರಿ

ಹೊಂಗಡಹಳ್ಳದ ದೇವೀರಮ್ಮನ ಕಾಯಿಲೆಗೆ ಊರೆಲ್ಲ ಸೇರಿ ಒಂದೇ ಹೆಸರಿಟ್ಟಿತ್ತು: ಗ್ಯಾಸ್ಟ್ರಿಕ್. ಹೆಸರಿಟ್ಟು ಎಲ್ಲರೂ ಕೈ ತೊಳೆದುಕೊಂಡರು. ಗಂಡ ಸಿದ್ದಯ್ಯನಂತೂ ಹದಿನೈದು ವರ್ಷ ಅಂಗಡಿಯ ಸೋಡಾಪುಡಿ ತಂದುಕೊಟ್ಟು, ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದ ಮಹಾರಾಯ!

ಮೂರೆಕರೆ ಕಾಫಿತೋಟ. ಕೊಯ್ಲು ಬಂತೆಂದರೆ ಅವಳು ಕೋಳಿ ಕೂಗುವ ಮೊದಲೇ ಎದ್ದು ಆಳುಗಳಿಗೆ ರೊಟ್ಟಿ ಬಡಿದು, ಖಾಲಿ ಹೊಟ್ಟೆಗೆ ಕಾಫಿ ಹುಯ್ದುಕೊಂಡು ತೋಟಕ್ಕಿಳಿಯಬೇಕು. ಗಿಡದ ಬುಡದಲ್ಲಿ ಉದುರಿದ ಹಣ್ಣು ಆಯಲು ಬಗ್ಗಿದರೆ ಸಾಕು, ಹುಳಿನೀರು ಗಂಟಲಿಗೆ ನುಗ್ಗುತ್ತಿತ್ತು. ರಾತ್ರಿ ಎಲ್ಲರದೂ ಆದ ಮೇಲೆ ಉಳಿದದ್ದು ಉಂಡು ಚಾಪೆಗೆ ಬೀಳುತ್ತಿದ್ದಳು. ಉಂಡೆಯಾ ಅಂತ ಒಬ್ಬರೂ ಕೇಳಿದ್ದಿಲ್ಲ.

ಮೂರು ವರ್ಷದ ಕೆಳಗೆ ಮುದ್ದೆ ಎದೆಯಲ್ಲೇ ನಿಂತುಬಿಟ್ಟಿತು. ಹಾಸನದ ಡಾಕ್ಟರು ಬಾಯಿಂದ ಪೈಪು ಇಳಿಸಿ ನೋಡಿ, ಅನ್ನನಾಳದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಬಿಡಿಸಿ ಹೇಳಿದರು: “ಹುಳಿನೀರು ಸುಟ್ಟು ಸುಟ್ಟು ಅನ್ನನಾಳದ ಒಳಪದರವೇ ಬದಲಾಗಿದೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಆಗಬಹುದು. ಮಾತ್ರೆ ಬಿಡಬೇಡಿ. ವರ್ಷಕ್ಕೊಂದು ಸಲ ಬಂದು ಪರೀಕ್ಷೆ ಮಾಡಿಸಿ.”

ಸಿದ್ದಯ್ಯನ ಕಿವಿಗೆ ಬಿದ್ದದ್ದು ‘ಕ್ಯಾನ್ಸರ್ ಅಲ್ಲ’ ಅನ್ನುವುದಷ್ಟೇ. ಮಾತ್ರೆಗೆ ಉರಿಯೂ ನಿಂತಿತು. ಮುಂದಿನ ಜನವರಿಯಲ್ಲಿ ಪರೀಕ್ಷೆಯ ತಾರೀಕು ಬಂದಾಗ, “ಉರಿ ಇಲ್ಲ ಅಂದ್ಮೇಲೆ ಕೊಯ್ಲು ಬುಟ್ಟು ಹಾಸನಕ್ಕೆ ಯಾಕೆ ಕಣೇ?” ಅಂದ. ಅವಳೂ ಹೂಂ ಅಂದಳು. ಮರುವರ್ಷವೂ ಅದೇ ಆಯಿತು. ಆ ಹೂಂ ನೆನೆದರೆ ಈಗಲೂ ಅವಳಿಗೆ ತನ್ನ ಮೇಲೇ ಮೈಯುರಿಯುತ್ತದೆ.

ಈ ಜನವರಿಯಲ್ಲಿ ಆಸ್ಪತ್ರೆಯಿಂದಲೇ ಫೋನು ಬಂತು. “ಅವ್ಳು ಆರಾಮಾಗವ್ಳೆ” ಅಂತ ಸಿದ್ದಯ್ಯ ಹೇಳುತ್ತಿದ್ದಾಗ ದೇವೀರಮ್ಮ ಫೋನು ಕಿತ್ತುಕೊಂಡಳು. “ನಾಳೆನೇ ಬತ್ತೀನಿ” ಅಂದಳು.

“ನಾಳೆ ಹತ್ತಾಳು ಬತ್ತವ್ರೆ. ಬೇಯ್ಸಿ ಹಾಕೋರು ಯಾರು?”

“ನಿಮ್ಗೆ ಕೈ ಇಲ್ವೇನ್ರೀ?”

ಮತ್ತೆ ಪೈಪು, ಮತ್ತೆ ಪರೀಕ್ಷೆ. ವಾರ ಬಿಟ್ಟು ರಿಪೋರ್ಟಿಗೆ ಇಬ್ಬರೂ ಹೋದರು. ಒಂದು ಕಡೆ ಕೋಶಗಳು ತೀರಾ ಕೆಟ್ಟಿವೆ, ಕ್ಯಾನ್ಸರಿಗೆ ಒಂದೇ ಹೆಜ್ಜೆ ಬಾಕಿ, ಪೈಪು ಇಳಿಸಿಯೇ ಆ ಕೆಟ್ಟ ಪದರ ತೆಗೆಯಬಹುದು, ಮಂಗಳವಾರ ಬನ್ನಿ ಅಂದರು ಡಾಕ್ಟರು.

ಸಿದ್ದಯ್ಯ ತಲೆ ಕೆರೆದುಕೊಂಡ. “ಕೊಯ್ಲು ಮುಗುದ್ಮೇಲೆ ಆಗಲ್ವಾ ಸಾರ್?”

ದೇವೀರಮ್ಮ ಎದ್ದೇ ನಿಂತಳು. “ಮಂಗಳವಾರ ಅಂತ ಬರ್ಕೊಳ್ಳಿ ಡಾಕ್ಟ್ರೇ. ಇವ್ರು ಹಣ್ಣು ಕುಯ್ಕಂಡಿರ್ಲಿ, ನಾನು ಬಸ್ಸಿಗೆ ಬತ್ತೀನಿ.”

ಹೊರಗೆ ಬಂದ ಮೇಲೆ ಸಿದ್ದಯ್ಯ ಎದುರಿನ ಹೋಟೆಲಿನ ಕಡೆ ನೋಡಿ, ತಗ್ಗಿದ ದನಿಯಲ್ಲಿ, “ಬೆಳಗ್ಗಿಂದ ಏನೂ ತಿಂದಿಲ್ಲ ನೀನು. ತಿಂತೀಯಾ?” ಅಂದ.

ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು. ದೇವೀರಮ್ಮನಿಗೆ ಸಿಟ್ಟು ನೆತ್ತಿಗೇರಿತು. ರಸ್ತೆ ಅಂತಲೂ ನೋಡದೆ ಕೂಗಿಬಿಟ್ಟಳು: “ಇದೊಂದು ಮಾತು ಕೇಳಕ್ಕೆ ನಂಗೆ ಇಷ್ಟು ಆಗ್ಬೇಕಿತ್ತೇನ್ರೀ?”