ಬಲಗೈಯ ಗಡಿಯಾರ

ಸರೋಜಕ್ಕನ ಎರಡೂ ಕೈಯಲ್ಲಿ ಗಡಿಯಾರವಿರುತ್ತಿತ್ತು. ಎಡಗೈಯದು ಚಂದಾಪುರದ ಹೊತ್ತು, ಬಲಗೈಯದು ಇಂಗ್ಲೆಂಡಿನ ಹೊತ್ತು. ಎಡಗೈಯದರ ಪಟ್ಟಿ ಕಿತ್ತುಬಂದು ಕಪ್ಪು ದಾರದಲ್ಲಿ ಹೊಲಿಸಿಕೊಂಡಿತ್ತು. ಬಲಗೈಯದನ್ನು ಮಾತ್ರ ಸೆರಗಿನಲ್ಲಿ ಒರೆಸಿ ಒರೆಸಿ ಫಳಫಳ ಇಟ್ಟಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ ಅದನ್ನು ನೋಡಿ ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ನಗಪ್ಪ ನಗು. ಗೆಸ್ಟ್ ಮಲಗಿರೋ ಒತ್ತಲ್ಲಿ ಫೋನ್ ಮಾಡಿ ಉಗಿಸ್ಕೊಂಡಾಗ ಗೊತ್ತಾಗ್ತದೆ" ಅಂದು, ತಮ್ಮ ಡಬ್ಬಿಯಿಂದ ಎರಡು ನಿಪ್ಪಟ್ಟು ತೆಗೆದು ನನ್ನ ಕೀಬೋರ್ಡಿನ ಪಕ್ಕ ಇಟ್ಟರು.

ನಮ್ಮದು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಟ್ಟಡದ ನಾಲ್ಕನೇ ಮಹಡಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಒಂದು ದಿನದ ಖಾಸಗಿ ಪ್ರವಾಸ ಮಾಡಿಸುವ ಕಚೇರಿ. ಒಂದು ಕಾರು, ಒಬ್ಬ ಡ್ರೈವರ್, ಒಂದೇ ಮನೆಯ ಜನ. ಕಾರು ಓಡುವುದು ಅಲ್ಲಿ. ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಬಂಡೆಯ ನೆತ್ತಿಯಲ್ಲಿ ಇಳಿಸಬೇಕು, ಎಲ್ಲಿ ಊಟ, ಎಲ್ಲಿ ಟೀ ಎಂದು ಗೊತ್ತು ಮಾಡುವವರು ಹೊಸೂರು ರಸ್ತೆಯ ಹೊಗೆ ಕುಡಿದುಕೊಂಡು ಬಂದು ಕೂತ ನಾವು. ಪಾಳಿ ಮಧ್ಯಾಹ್ನ ಹನ್ನೆರಡೂವರೆಗೆ ಶುರು. ನಾನು ಕೊಪ್ಪಳದ ಕಡೆಯವನು, ಪಿಜಿಯಲ್ಲಿ ಮೂವರ ಕೋಣೆ, ಮೂವರಿಗೂ ಬೇರೆ ಬೇರೆ ಪಾಳಿ. ವಾರಗಟ್ಟಲೆ ಮಾತಿಗೆ ಒಂದು ಜೀವ ಸಿಗುತ್ತಿರಲಿಲ್ಲ. ಆ ಊರಲ್ಲಿ "ಉಂಡ್ಯೇನೋ" ಎಂದು ದಿನಾ ಕೇಳುತ್ತಿದ್ದವರು ಸರೋಜಕ್ಕ ಒಬ್ಬರೇ.

ನಾವೆಲ್ಲ ಪ್ರವಾಸ ತಯಾರು ಮಾಡುತ್ತಿದ್ದೆವು, ಅಕ್ಕ ಮಾತ್ರ ಪ್ರವಾಸಕ್ಕೆ ಹೋಗುತ್ತಿದ್ದರು. ಪರದೆಯ ಮೇಲಿನ ನಕ್ಷೆಯಲ್ಲಿ ಕಾರು ಒಂದು ನೀಲಿ ಚುಕ್ಕಿ. ಅದು ಹೋಟೆಲು ಬಿಟ್ಟಿತೆಂದರೆ ಅಕ್ಕ ಕುರ್ಚಿ ಎಳೆದುಕೊಂಡು, ಶಾಲು ಹೊದ್ದು ಕೂರುವರು. "ಇನ್ನೇನು ಚರ್ಚು ಬಂತು. ಅದು ದಾಟಿದ್ರೆ ಗಾಳಿ ನೋಡು, ಕಿವಿ ಕಿತ್ಕೊಂಡೋಗ್ತದೆ" ಅನ್ನುವರು. ಕೂಡಲೇ ಡ್ರೈವರ್‌ಗೆ ಫೋನು, ಹಿಂದಿನ ಸೀಟಿನ ಅಜ್ಜಿಗೆ ಶಾಲು ಹೊದೆಯಲು ಹೇಳಿ ಎಂದು. ಅಲ್ಲಿ ಊಟಕ್ಕೆ ನಿಂತರೆ ಇಲ್ಲಿ ಇವರ ಡಬ್ಬಿ ತೆರೆಯುತ್ತಿತ್ತು. ಕೀತ್ ಎಂಬ ಹಳೆಯ ಡ್ರೈವರನ್ನು ನಮ್ಮೆದುರು "ಕೀತಣ್ಣ" ಅನ್ನುತ್ತಿದ್ದರು. ಸುಣ್ಣದ ಬಿಳಿ ಬಂಡೆ, ಕೆಂಪು ಪಟ್ಟೆಯ ದೀಪಸ್ತಂಭ, ಗೆಸ್ಟುಗಳ ಕೈಯಿಂದ ತಿಂಡಿ ಕಿತ್ತುಕೊಂಡು ಹಾರುವ ಕಡಲಹಕ್ಕಿ, ಎಲ್ಲ ಅವರಿಗೆ ತಮ್ಮ ಬೀದಿಯಷ್ಟೇ ಪರಿಚಯ.

"ಅಕ್ಕಾ, ಖರೇ ಹೇಳ್ರಿ, ಸಮುದ್ರ ನೋಡೀರೇನು?" ಎಂದು ಒಮ್ಮೆ ಕೇಳಿದೆ.

"ಆನೇಕಲ್ ಕೆರೆ ಕೋಡಿ ಬಿದ್ದಿದ್ ನೋಡಿವ್ನಿ. ಸಾಕು."

ಇನ್ನೊಂದು ವಿಷಯ ನಾನೇ ಪತ್ತೆ ಹಚ್ಚಿದೆ. ಅಕ್ಕ ಮಾಡಿದ ಶನಿವಾರದ ಪ್ರವಾಸಗಳೆಲ್ಲ ಎಂಟು ಮುಕ್ಕಾಲಿಗೇ ಹೊರಡುತ್ತಿದ್ದವು. ಉಳಿದ ದಿನ ಒಂಬತ್ತೂಕಾಲು. ಬಹಳ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ಶನಿವಾರ ಒಂಬತ್ತಕ್ಕೆ ರಾಹುಕಾಲ! ಹೊಟ್ಟೆ ಹಿಡಿದು ನಕ್ಕೆ. "ಅಲ್ರೀ ಅಕ್ಕಾ, ನಮ್ಮೂರ ಕ್ಯಾಲೆಂಡರ್ ಇಂಗ್ಲೆಂಡಿಗೆ ಹೆಂಗ ನಡಿತೈತಿ?"

"ಯಾಕೆ, ರಾಹುಗೆ ಪಾಸ್‌ಪೋರ್ಟ್ ಬೇಕಾ?" ಅಂದರು ತಲೆ ಎತ್ತದೆ.

ಮಜಾ ಎಂದರೆ, ಬೇಗ ಹೊರಟ ಆ ಗೆಸ್ಟುಗಳು ದೊಡ್ಡ ಬಸ್ಸುಗಳು ಬರುವ ಮೊದಲೇ ಬಂಡೆಯ ನೆತ್ತಿಗೆ ಹೋಗಿ ನಿಲ್ಲುತ್ತಿದ್ದರು. ಎಂಥ ಅಚ್ಚುಕಟ್ಟು ಎಂದು ಹೊಗಳಿ ಬರೆಯುತ್ತಿದ್ದರು. ಮ್ಯಾನೇಜರ್ ಅದನ್ನು ಮೀಟಿಂಗಿನಲ್ಲಿ ಓದಿ ಹೇಳುವಾಗ ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸುವರು.

ಚಂದಾಪುರದ ಬಾಡಿಗೆ ಮನೆಯಲ್ಲಿ ಅವರೂ ಅವರ ತಾಯಿಯೂ ಇದ್ದರು. ತಾಯಿಗೆ ಎದ್ದು ಓಡಾಡುವುದು ಕಷ್ಟ. ಅವರನ್ನು ನೋಡಿಕೊಳ್ಳುತ್ತಲೇ ಅಕ್ಕನ ಮದುವೆಯ ವಯಸ್ಸು ಕಳೆದಿತ್ತು. ಎಡಗೈಯ ಗಡಿಯಾರದಲ್ಲಿ ನಾಲ್ಕಾಯಿತೆಂದರೆ ಅಕ್ಕ ಮನೆಗೆ ಫೋನ್ ಮಾಡುವರು. ಮಾತು ಒಂದೇ: "ಅಮ್ಮಾ, ನೀರು ಬಂತಾ?" ಆ ಕಡೆಯಿಂದ ಏನೋ ಉತ್ತರ. "ಸರಿ, ಇಡ್ತೀನಿ." ಎರಡು ಹೆಂಗಸರಿಗೆ ದಿನವೂ ಎಷ್ಟು ನೀರು ಬೇಕಪ್ಪ ಎಂದು ನನಗೆ ಆಶ್ಚರ್ಯ. ಆ ಫೋನು ನೀರಿಗಲ್ಲ ಎಂದು ತಿಳಿಯುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ಆ ಎರಡು ಗಡಿಯಾರದ ನಿಜವಾದ ಉಪಯೋಗವನ್ನು ಅಕ್ಕ ನನಗೆ ಕಲಿಸಿದರು. ನಮ್ಮ ಪ್ರವಾಸದಲ್ಲಿ ಒಂದು ಕಡೆ ಬಂಡೆಯ ಬುಡಕ್ಕಿಳಿದು, ಮೂಲೆ ಸುತ್ತಿ ನಡೆದರೆ ಪುಟ್ಟ ಮರಳದಂಡೆ ಸಿಗುತ್ತದೆ. ಕಡಲು ಹಿಂದೆ ಸರಿದಾಗ ಮಾತ್ರ ಆ ದಾರಿ, ಅದೂ ಒಂದು ಗಂಟೆಯಷ್ಟೇ. ನೀರು ಏರಿದರೆ ದಾರಿ ಮುಚ್ಚಿಹೋಗುತ್ತದೆ. ನೀರಿಳಿಯುವ ಹೊತ್ತಿನ ಪಟ್ಟಿ ನಮ್ಮ ಬಳಿ ಇತ್ತು. ಆದರೆ ಅದು ವರ್ಷವಿಡೀ ಚಳಿಗಾಲದ ಹೊತ್ತನ್ನೇ ತೋರಿಸುತ್ತದೆ. ಅಲ್ಲಿನ ಜನರೋ ಮಾರ್ಚ್ ಕೊನೆಗೆ ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದೆ ತಿರುಗಿಸಿ, ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಹಿಂದೆ ತಿರುಗಿಸಿಕೊಳ್ಳುತ್ತಾರೆ.

"ತಲೆ ಕೆಡಿಸ್ಕೋಬೇಡ. ಎರಡೂ ಕೈ ಇಂಗೆ ಜೋಡಿಸು" ಎಂದು ಅಕ್ಕ ಮಣಿಕಟ್ಟುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ತೋರಿಸಿದ್ದರು. "ಮಧ್ಯ ನಾಲ್ಕೂವರೆ ಗಂಟೆ ವ್ಯತ್ಯಾಸ ಬಂದ್ರೆ ಪಟ್ಟಿಗೆ ಒಂದು ಗಂಟೆ ಸೇರಿಸು. ಐದೂವರೆ ಬಂದ್ರೆ ಪಟ್ಟೀಲಿ ಇದ್ದಂಗೇ ಕಳ್ಸು. ಅಷ್ಟೇ ಕಣೋ."

"ಕಂಪ್ಯೂಟರಿನ್ಯಾಗ ನೋಡಿದ್ರ ಆತಲ್ರೀ?"

"ಕಂಪ್ಯೂಟರ್ ಹ್ಯಾಂಗ್ ಆಗ್ತದೆ. ಕೈ ಹ್ಯಾಂಗ್ ಆಗ್ತದಾ?"

ಪ್ರತಿ ವರ್ಷ ಅಕ್ಟೋಬರ್ ಕೊನೆಗೆ ಒಬ್ಬ ಮುದುಕರು ಬರುತ್ತಿದ್ದರು, ನಿವೃತ್ತ ಶಾಲಾ ಮಾಸ್ತರರು. ಅಕ್ಕ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಮೊದಲು ಹೆಂಡತಿಯ ಜೊತೆ ಬರುತ್ತಿದ್ದವರು ಈಗ ಒಬ್ಬರೇ, ಆದರೂ ಇಬ್ಬರಿಗೆಂದೇ ಕಾಯ್ದಿರಿಸುವರು. ಆ ಮರಳದಂಡೆಯಲ್ಲಿ ಒಂದಿಷ್ಟು ಹೊತ್ತು ಕೂತು ಬರುವುದೇ ಅವರ ಪ್ರವಾಸ. ಅಂದು ಅಕ್ಕನ ಮೇಜಿನ ಮೇಲೆ ಎರಡು ಲೋಟ ಟೀ ಇರುತ್ತಿತ್ತು. ಒಂದನ್ನು ಕುಡಿಯುವರು. ಇನ್ನೊಂದು ಆರಿದ ಮೇಲೆ ನನಗೆ ಕೊಡುವರು.

ಆ ವರ್ಷ ಅಕ್ಟೋಬರಿನಲ್ಲಿ ಅಕ್ಕನ ತಾಯಿ ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಅಕ್ಕ ಕೆಲಸಕ್ಕೆ ಬಂದದ್ದು ಕೊನೆಯ ಭಾನುವಾರ. ಮೇಷ್ಟ್ರ ಪ್ರವಾಸವೂ ಅಂದೇ. "ನಾನ್ ಬರ್ದಿದ್ರೆ ಅವ್ರನ್ನ ಯಾರ್ ಕರ್ಕೊಂಡೋಗ್ತಾರೆ" ಎಂದು ಕಚೇರಿ ಹೊಕ್ಕರು. ಮುಖ ಇಳಿದಿತ್ತು, ಕಣ್ಣು ಬಾತಿತ್ತು. ಶಾಲು ತರುವುದನ್ನೂ ಮರೆತಿದ್ದರು. ಚೀಲ ಇಡುವಾಗ ನನ್ನ ಕಣ್ಣು ಅವರ ಬಲಗೈ ಮೇಲೆ ಬಿತ್ತು. ಅಲ್ಲಿ ಎಂಟು ಗಂಟೆ. ಇರಬೇಕಾದದ್ದು ಏಳು. ಅಂದೇ ಬೆಳಗಿನ ಜಾವ ಅಲ್ಲಿನ ಗಡಿಯಾರಗಳೆಲ್ಲ ಹಿಂದಕ್ಕೆ ತಿರುಗಿದ್ದವು, ಅಕ್ಕನದು ತಿರುಗಿರಲಿಲ್ಲ.

ನನಗೆ ನಗು ಬಂತು. ಮುಗುಳ್ನಕ್ಕೆ ಕೂಡ. ಹೇಳಲಿಲ್ಲ. ರಾಹುಕಾಲದ ಹಾಗೆ ಇದನ್ನೂ ಎತ್ತಿಟ್ಟುಕೊಂಡರೆ ಸಂಜೆ ಟೀ ಹೊತ್ತಿಗೆ ಕಾಲೆಳೆಯಬಹುದು, ಹನ್ನೊಂದು ದಿನದಿಂದ ಅತ್ತ ಮುಖವನ್ನು ಒಂದು ಸಲ ನಗಿಸಬಹುದು ಅಂದುಕೊಂಡೆ. ಕಡಲಿನ ಪಟ್ಟಿ ನೆನಪಾಗಲಿಲ್ಲವೇ ಎಂದರೆ, ನೆನಪಾಗಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಲೆಕ್ಕ ಕಲಿತವನು ನಾನೊಬ್ಬನೇ ಇದ್ದೆ.

ಅಕ್ಕ ಎರಡೂ ಮಣಿಕಟ್ಟು ಜೋಡಿಸಿ ನೋಡಿದರು. ನಾಲ್ಕೂವರೆ ಗಂಟೆ. ಪಟ್ಟಿಯಲ್ಲಿ ಹತ್ತು ಗಂಟೆಗೆ ನೀರಿಳಿತ ಇತ್ತು. ಒಂದು ಸೇರಿಸಿ, ಹನ್ನೊಂದಕ್ಕೆ ಕೆಳಗಿಳಿಸಿ ಎಂದು ಡ್ರೈವರ್‌ಗೆ ಕಳಿಸಿದರು. ಕೀತಣ್ಣ ಅಂದು ರಜೆ. ಬದಲಿಗೆ ಬಂದವನು ಹೊಸಬ, ಬರೆದದ್ದನ್ನು ಪಾಲಿಸುವವನು. ಅಷ್ಟರಲ್ಲಿ ಮ್ಯಾನೇಜರ್ ಅಕ್ಕನನ್ನು ರಜೆಯ ಕಾಗದಪತ್ರಕ್ಕೆಂದು ಒಳಗೆ ಕರೆದು ಕೂರಿಸಿಕೊಂಡರು. ಅಂದು ನೀಲಿ ಚುಕ್ಕಿಯ ಜೊತೆ ಯಾರೂ ಹೋಗಲಿಲ್ಲ.

ಹೊರಗೆ ಬಂದಾಗ ನಾಲ್ಕು. ಅಕ್ಕ ಅಭ್ಯಾಸಬಲದಿಂದ ಫೋನ್ ತೆಗೆದರು. ನಂಬರ್ ಒತ್ತಲು ಹೋದವರು ಹಾಗೇ ನಿಂತರು. ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಬೋರಲು ಹಾಕಿ, ತೋಳಿನ ಮೇಲೆ ತಲೆಯಿಟ್ಟು ಕೂತುಬಿಟ್ಟರು. ಅವರನ್ನು ಮಾತಾಡಿಸುವ ಧೈರ್ಯ ನನಗಾಗಲಿಲ್ಲ. ನಾಲ್ಕೂಮುಕ್ಕಾಲಿಗೆ ತಲೆ ಎತ್ತಿ, ಕಣ್ಣೊರೆಸಿಕೊಂಡು ಪರದೆ ನೋಡಿದರು.

"ಇದೇನೋ ಬಸೂ, ಗಾಡಿ ಈಗ ಕಡಲತ್ರ ನಿಂತೈತೆ? ಹನ್ನೊಂದಕ್ಕೆ ಇಳ್ಸಿ ಅಂದಿದ್ದೆ, ಈಗ ಹನ್ನೆರಡೂಕಾಲು!"

ಇದೇ ಹೊತ್ತು ಎಂದು ನಾನು ಬಾಯಿ ಬಿಟ್ಟೆ. "ಹನ್ನೆರಡೂಕಾಲು ನಿಮ್ಮ ಕೈಯಾಗರೀ ಅಕ್ಕಾ. ಇಂಗ್ಲೆಂಡಿನ್ಯಾಗ ಹನ್ನೊಂದೂಕಾಲು. ನಿಮ್ಮ ಗಡಿಯಾರ ತಿರುಗ್ಸೋದು ಮರ್ತೀರಿ!" ಎಂದು ನಕ್ಕೆ.

ಅಕ್ಕ ನಗಲಿಲ್ಲ. ಎರಡೂ ಕೈ ನೋಡಿಕೊಂಡರು. ನೀರು ಇಳಿದದ್ದು ಹತ್ತಕ್ಕೇ, ಈಗ ಏರುತ್ತಿತ್ತು. "ಅಯ್ಯೋ ಮೇಷ್ಟ್ರೇ" ಎಂದದ್ದು ಇಡೀ ಮಹಡಿಗೆ ಕೇಳಿಸಿತು. ಫೋನೆತ್ತಿ ಆ ಹೊಸ ಡ್ರೈವರ್‌ಗೆ ಓಡು ಓಡು ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕೂಗಿದರು. ಅವನು ಓಡಿ ಇಳಿದು ಮೂಲೆ ಸುತ್ತುವಷ್ಟರಲ್ಲಿ ದಾರಿಯ ಮೇಲೆ ಮೊಣಕಾಲಿನವರೆಗೆ ನೀರು. ಮುದುಕರನ್ನು ಹೆಗಲು ಕೊಟ್ಟು ಎಳೆದು ತಂದ. ಒಂದು ಶೂ ಕಡಲಿಗೆ ಹೋಯಿತು, ಜೀವಕ್ಕೇನೂ ಆಗಲಿಲ್ಲ. ಸುದ್ದಿ ಬರುವವರೆಗೆ ಅಕ್ಕ ನಿಂತೇ ಇದ್ದರು.

ಮರುದಿನ ವಿಚಾರಣೆ. ಗಡಿಯಾರದ ಬದಲಾವಣೆ ಯಾರ ಗಮನಕ್ಕೂ ಬರಲಿಲ್ಲವೇ ಎಂದು ಮ್ಯಾನೇಜರ್ ಎಲ್ಲರ ಮುಖ ನೋಡಿದರು. ನಾನು ನೆಲ ನೋಡಿದೆ. "ತಪ್ಪು ನಂದೇ ಸಾರ್" ಅಂದರು ಅಕ್ಕ. ತಾಯಿಯ ಹೆಸರೆತ್ತಲಿಲ್ಲ. ಅವರ ಕೈಯಿಂದ ಪ್ರವಾಸಗಳನ್ನು ಕಿತ್ತುಕೊಂಡು ಕೆಳಗಿನ ಮಹಡಿಗೆ ಹಾಕಿದರು. ಅಲ್ಲಿ ನಕ್ಷೆಯಿಲ್ಲ, ಚುಕ್ಕಿಯಿಲ್ಲ. ಗೆಸ್ಟುಗಳ ಪಾಸ್‌ಪೋರ್ಟ್ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಜೋಡಿಸುವ ಕೆಲಸ. ಸಂಕ್ರಾಂತಿಯ ಹೊತ್ತಿಗೆ ಅಕ್ಕ ಅದನ್ನೂ ಬಿಟ್ಟು ಮನೆಯಲ್ಲಿ ಕೂತರು.

ಅವರು ಕೆಳಗೆ ಹೋದಂದಿನಿಂದ ಆ ಖಾಲಿ ಕುರ್ಚಿಯ ಪಕ್ಕ ಮೂರು ತಿಂಗಳು ಕೂತೆ. ಕೊನೆಗೆ ತಡೆಯಲಾಗದೆ ಒಂದು ಭಾನುವಾರ ಬೆಳಿಗ್ಗೆ ಚಂದಾಪುರಕ್ಕೆ ಹೋದೆ. ಮನೆ ಓನರ್ ಜಯಮ್ಮನವರು ಮೆಟ್ಟಿಲು ತೋರಿಸಿದರು. ಅಕ್ಕ ಅವರೆಕಾಳು ಬಿಡಿಸುತ್ತ ಕೂತಿದ್ದರು. ಎಡಗೈಗೆ ಗಡಿಯಾರವಿತ್ತು, ಬಲಗೈ ಬರಿದಾಗಿತ್ತು, ಪಟ್ಟಿಯ ಜಾಗದಲ್ಲಿ ಬಿಳಿ ಗುರುತು. ನಾನು ಕೂರದೆಯೇ ಒದರಿಬಿಟ್ಟೆ. "ಅಕ್ಕಾ, ಅವತ್ತ ನೀವು ಬಂದಕೂಡ್ಲೇ ನಾ ಗಡಿಯಾರ ನೋಡಿದ್ದೆ. ಗೊತ್ತಿದ್ದೂ ಸುಮ್ಮನಿದ್ದೆ."

ಅಕ್ಕ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನೀನ್ ನಕ್ಕಿದ್ ನಾನೂ ನೋಡ್ದೆ. ಯಾವಾಗ್ಲೂ ನಗ್ತಿದ್ದೆಯಲ್ಲ, ಅದೇ ನಗು ಅಂದ್ಕೊಂಡೆ" ಅಂದರು. ಆಮೇಲೆ ಮೊರ ಸರಿಸಿ ಎದ್ದು, "ಕೂತ್ಕೋ. ಉಂಡ್ಕೊಂಡ್ ಓಗು."

ಅವರು ಬೈದಿದ್ದರೆ ಹಗುರಾಗುತ್ತಿದ್ದೆ. ಕೂತು ಉಂಡೆ.

ಮರುದಿನ ನಾಲ್ಕು ಗಂಟೆಗೆ ಏನೂ ತೋಚದೆ ಅವರಿಗೆ ಫೋನ್ ಮಾಡಿದೆ. "ಅಕ್ಕಾ, ನೀರು ಬಂತೇನ್ರೀ?" "ಬಂತು ಕಣೋ" ಅಂದರು. "ಗಾಡಿ ಎಲ್ಲೈತೆ?" ಚರ್ಚ್ ದಾಟಿದೆ ಎಂದೆ. "ಶಾಲು ಹೇಳ್ದ್ಯಾ?" ಹೇಳಿರಲಿಲ್ಲ. ಹೇಳಿದೆ ಎಂದು ಸುಳ್ಳಾಡಿ, ಫೋನಿಟ್ಟ ಮೇಲೆ ಡ್ರೈವರ್‌ಗೆ ಹೇಳಿದೆ. ಅಂದಿನಿಂದ ಅದೇ ನಡೆದುಬಂತು. ಅಕ್ಟೋಬರಿನಲ್ಲಿ ಮೇಷ್ಟ್ರು ಮತ್ತೆ ಬಂದರು, ಇಬ್ಬರಿಗೆ ಕಾಯ್ದಿರಿಸಿ. ಅವರು ಮರಳದಂಡೆಯಿಂದ ಕಾಲು ಒದ್ದೆಯಾಗದೆ ಮೇಲೆ ಬಂದರೆಂದು ನಾನು ಹೇಳುವವರೆಗೆ ಅಕ್ಕ ಫೋನಿಡಲಿಲ್ಲ. "ಎರಡ್ ಲೋಟ ಟೀ ಮಾಡ್ಕೊಂಡಿವ್ನಿ" ಅಂದರು ಕೊನೆಗೆ.

ನವೆಂಬರಿನ ಮೊದಲ ವಾರ ಮೂರು ದಿನ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಫೋನ್ ಕೆಟ್ಟಿರಬೇಕು ಅಂದುಕೊಂಡೆ. ಹೋಗಿ ನೋಡಬಹುದಿತ್ತು, ಬಸ್ಸಿನಲ್ಲಿ ಎಷ್ಟರ ದಾರಿ! ಆಗಲೂ ನಾಳೆಗೆಂದು ಎತ್ತಿಟ್ಟೆ. ನಾಲ್ಕನೇ ದಿನ ಜಯಮ್ಮನವರು ಎತ್ತಿದರು. "ನೀರು ಕೇಳೋ ಉಡುಗನಾ? ಬಾಪ್ಪಾ ಇಲ್ಲಿಗೆ. ಜ್ವರ ಅಂತ ಆಸ್ಪತ್ರೆಗೆ ಸೇರ್ಸಿದ್ವಿ. ಸರೋಜಮ್ಮ ಓಗ್ಬಿಟ್ರು."

ಮರುದಿನ ರಜೆ ಹಾಕಿ ಹೋದೆ. ಎಲ್ಲ ಮುಗಿದಿತ್ತು. ಮನೆಗೆ ಬೀಗ. ಜಯಮ್ಮನವರು ಒಳಗಿಂದ ಕರವಸ್ತ್ರದಲ್ಲಿ ಸುತ್ತಿದ್ದ ಒಂದು ವಸ್ತು ತಂದರು. "ಡಬ್ಬೀಲಿಟ್ಟು ದಿನಾ ಒರೆಸೋರು. ಆಟೋ ಅತ್ತೋವಾಗ ನನ್ ಕೈಗಿಟ್ಟು, ನಾಲ್ಕು ಗಂಟೆಗೆ ಫೋನ್ ಮಾಡೋನಿಗೆ ಕೊಡಿ ಅಂದ್ರು."

ಬಲಗೈಯ ಗಡಿಯಾರ. ಓಡುತ್ತಿತ್ತು. ನನ್ನ ಫೋನಿನಲ್ಲಿ ಸರಿಯಾಗಿ ನಾಲ್ಕು ಗಂಟೆ. ಅದರಲ್ಲಿ ಹತ್ತೂವರೆ. ಮಧ್ಯೆ ಐದೂವರೆ ಗಂಟೆ. ಅಕ್ಕನಿಗೆ ಪ್ರವಾಸ ಇರಲಿಲ್ಲ, ಚುಕ್ಕಿ ಇರಲಿಲ್ಲ, ಅದರ ಹೊತ್ತು ಕೇಳುವವರು ಯಾರೂ ಇರಲಿಲ್ಲ. ಆದರೂ ಅಕ್ಟೋಬರಿನ ಕೊನೆಯ ಭಾನುವಾರ ಒಬ್ಬರೇ ಕೂತು ಅದನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಟ್ಟಿದ್ದರು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ಅದನ್ನು ನನ್ನ ಬಲಗೈಗೆ ಕಟ್ಟಿಕೊಂಡು ಬಸ್ ಸ್ಟಾಪಿಗೆ ಬಂದೆ. ಎಡಗೈಯಲ್ಲಿ ನನ್ನದೊಂದು ಇದ್ದೇ ಇತ್ತು. ಬಸ್ಸಿನಲ್ಲಿ ಪಕ್ಕದವನು ಎರಡೂ ಕೈ ನೋಡಿ ಮುಸಿಮುಸಿ ನಕ್ಕ. ನಾನು ಬಲಗೈಯದನ್ನು ಅಂಗಿಯ ತುದಿಯಲ್ಲಿ ಒರೆಸಿದೆ.